ಹೊರರೋಗಿ ವಿಭಾಗದ ಶುಶ್ರೂಷಕರನ್ನು ಉಳಿಸಿಕೊಳ್ಳುವ ಬಗೆ: ವಿಭಾಗದ ಉಸ್ತುವಾರಿಗಳಿಗೊಂದು ಕೈಪಿಡಿ

ವಾರ್ಡಿನಿಂದ ಹೊರರೋಗಿ ವಿಭಾಗಕ್ಕೆ ಬದಲಾಗುವ ಶುಶ್ರೂಷಕರಿಗೆ ಜೊತೆಯವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಇನ್ನು ನಿಮಗೆ ಆರಾಮ." ರಾತ್ರಿ ಪಾಳಿ ಇಲ್ಲ, ಸಾವು-ನೋವು ಕಡಿಮೆ, ಸಂಜೆಯ ಹೊತ್ತಿಗೆ ಮನೆ ಸೇರಬಹುದು. ಇಷ್ಟೆಲ್ಲ ಅನುಕೂಲವಿದ್ದರೂ ಕೆಲವರು ವರ್ಷ ತುಂಬುವುದರೊಳಗೆ ರಾಜೀನಾಮೆ ಕೊಡುತ್ತಾರೆ, ಕೆಲವರು ಮತ್ತೆ ವಾರ್ಡಿಗೇ ಹಾಕಿ ಎಂದು ಕೇಳುತ್ತಾರೆ, ಇನ್ನು ಕೆಲವರು ಹಾಜರಿ ಪುಸ್ತಕದಲ್ಲಿ ಉಳಿದು ಮನಸ್ಸಿನಿಂದ ಕೆಲಸ ಬಿಟ್ಟಿರುತ್ತಾರೆ. ಈ ಮೂರನೆಯವರು ಯಾವ ಅಂಕಿಯಲ್ಲೂ ಸಿಗುವುದಿಲ್ಲ. ವಿಭಾಗಕ್ಕೆ ಹೆಚ್ಚು ನಷ್ಟವಾಗುವುದು ಇವರಿಂದಲೇ ಎಂಬುದು ನನ್ನ ಅಭಿಪ್ರಾಯ.

ವಾರ್ಡಿನ ಶುಶ್ರೂಷಕಿ ಪಾಳಿಯ ಆರಂಭದಲ್ಲಿ ಕೆಲವು ರೋಗಿಗಳ ಹೊಣೆ ವಹಿಸಿಕೊಳ್ಳುತ್ತಾಳೆ. ಜ್ವರ ಇಳಿಯುವುದನ್ನು, ಹೊಲಿಗೆ ಒಣಗುವುದನ್ನು, ಮಲಗಿದ್ದವರು ಎದ್ದು ನಡೆಯುವುದನ್ನು ಕಣ್ಣಾರೆ ಕಾಣುತ್ತಾಳೆ. ಹೊರರೋಗಿ ವಿಭಾಗದಲ್ಲಿ ನೂರಾರು ಮುಖಗಳು ಸರಿದುಹೋಗುತ್ತವೆ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ, ಮುಂದೆ ಅವರಿಗೆ ಏನಾಯಿತು ಎಂಬುದು ತಿಳಿಯುವುದೇ ಇಲ್ಲ. 1970ರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಸಂಶೋಧಕರು ಕೆಲಸಕ್ಕೆ ಅರ್ಥ ತರುವ ಐದು ಗುಣಗಳನ್ನು ಗುರುತಿಸಿದರು: ಕೌಶಲಗಳ ವೈವಿಧ್ಯ, ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಮಾಡುವ ಅವಕಾಶ, ಅದರಿಂದ ಇತರರಿಗಾಗುವ ಪ್ರಯೋಜನ, ಸ್ವಂತ ತೀರ್ಮಾನದ ಸ್ವಾತಂತ್ರ್ಯ, ಮತ್ತು ಕೆಲಸ ಹೇಗಾಯಿತು ಎಂಬ ತಿಳಿವಳಿಕೆ. ಹೊರರೋಗಿ ವಿಭಾಗದ ದಿನಚರಿ ಇವುಗಳಲ್ಲಿ ಎರಡನೆಯದನ್ನೂ ಐದನೆಯದನ್ನೂ ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ. ವ್ಯವಸ್ಥೆ ಸರಿಯಿಲ್ಲದಿದ್ದರೆ ನಾಲ್ಕನೆಯದನ್ನೂ ಸಹ. ಆದ್ದರಿಂದ ಇಲ್ಲಿ ಜನರನ್ನು ಉಳಿಸಿಕೊಳ್ಳುವ ಕೆಲಸವೆಂದರೆ, ಮುಖ್ಯವಾಗಿ, ಶುಶ್ರೂಷೆಯ ಒಂದು ಭಾಗವನ್ನು "ಇದು ನನ್ನದು" ಎಂದು ಹೇಳಿಕೊಳ್ಳುವಂತೆ ಅವರ ಕೈಗೆ ಮರಳಿ ಕೊಡುವ ಕೆಲಸ. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳಿ

ವರ್ಷದಲ್ಲಿ ಬಿಟ್ಟುಹೋದವರ ಸಂಖ್ಯೆಯನ್ನು ಆ ವರ್ಷದ ಸರಾಸರಿ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿರ್ಗಮನದ ಪ್ರಮಾಣ ಸಿಗುತ್ತದೆ. ಸರಾಸರಿ 24 ಜನರಿರುವ ವಿಭಾಗದಿಂದ 6 ಜನ ಹೋದರೆ ಅದು ಶೇ 25. ಆದರೆ ಈ ಒಂದೇ ಅಂಕಿಯನ್ನು ನಂಬಿ ಮುಂದುವರಿಯಬೇಡಿ. ವರ್ಷದ ಮೊದಲ ದಿನ ಇದ್ದ 24 ಜನರಲ್ಲಿ ಇಂದಿಗೂ ಎಷ್ಟು ಜನ ಇದ್ದಾರೆ ಎಂಬುದನ್ನೂ ಎಣಿಸಿ. 18 ಜನ ಮಾತ್ರ ಇದ್ದರೆ ಹಳಬರೇ ಕರಗುತ್ತಿದ್ದಾರೆ ಎಂದರ್ಥ. 21 ಜನ ಇದ್ದರೆ ಕಥೆ ಬೇರೆ: ಮೂವರು ಹಳಬರು ಹೋದರು, ಅವರ ಜಾಗಕ್ಕೆ ಬಂದ ಮೂವರು ಹೊಸಬರೂ ವರ್ಷದೊಳಗೆ ಹೋದರು. ಎರಡೂ ಕಡೆ ನಿರ್ಗಮನ ಶೇ 25ರಷ್ಟೇ ಆದರೂ ಮೊದಲನೆಯದರಲ್ಲಿ ಇಡೀ ವಿಭಾಗವನ್ನು ನೋಡಬೇಕು, ಎರಡನೆಯದರಲ್ಲಿ ನೇಮಕ ಮತ್ತು ಮೊದಲ ಕೆಲವು ತಿಂಗಳುಗಳನ್ನು ನೋಡಬೇಕು.

ಅದೇ ಆಸ್ಪತ್ರೆಯ ವಾರ್ಡಿಗೆ ವರ್ಗ ಕೇಳಿ ಹೋದವರನ್ನು ಪ್ರತ್ಯೇಕವಾಗಿ ಬರೆದಿಡಿ. ಆಸ್ಪತ್ರೆಯ ಲೆಕ್ಕದಲ್ಲಿ ಅವರು ಹೋದವರಲ್ಲ, ನಿಮ್ಮ ವಿಭಾಗದ ಲೆಕ್ಕದಲ್ಲಿ ಹೋದವರೇ. ರಾತ್ರಿ ಪಾಳಿಯನ್ನು ಒಪ್ಪಿಕೊಂಡಾದರೂ ಇಲ್ಲಿಂದ ಹೊರಡುವವರು ಹೇಳುತ್ತಿರುವುದನ್ನು ಯಾವ ಪ್ರಶ್ನಾವಳಿಯೂ ಅಷ್ಟು ಸ್ಪಷ್ಟವಾಗಿ ಹೇಳಲಾರದು. ನಿವೃತ್ತಿ ಮತ್ತು ಅನಿವಾರ್ಯ ಕಾರಣಗಳನ್ನೂ ಬೇರೆ ಮಾಡಿ. ಎಂಟು ಜನರ ತಂಡದಲ್ಲಿ ಒಬ್ಬರು ಹೋದರೂ ಶೇ 12.5 ಆಗುವುದರಿಂದ, ಸಣ್ಣ ವಿಭಾಗಗಳು ಒಂದು ವರ್ಷದ ಅಂಕಿಗೆ ಬೆಚ್ಚದೆ ಮೂರು ವರ್ಷಗಳದ್ದನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು.

ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಬರೆಸಿ

ಐದು ಕೆಲಸದ ದಿನಗಳ ಮಟ್ಟಿಗೆ ಪ್ರತಿಯೊಬ್ಬ ಶುಶ್ರೂಷಕರಿಗೂ ಒಂದು ಹಾಳೆ ಕೊಡಿ. ಅರ್ಧ ಗಂಟೆಗೊಮ್ಮೆ, ಆ ಹೊತ್ತಿನಲ್ಲಿ ಮಾಡುತ್ತಿದ್ದ ಕೆಲಸದ ಎದುರು ಒಂದು ಗುರುತು ಹಾಕಿದರೆ ಸಾಕು. ಹಾಳೆಯಲ್ಲಿ ಸಾಲುಗಳು ಹೆಚ್ಚು ಬೇಡ: ರೋಗಿಯ ತಪಾಸಣೆ ಹಾಗೂ ಬಿಪಿ, ನಾಡಿ ಮುಂತಾದವುಗಳ ದಾಖಲೆ, ಇಂಜೆಕ್ಷನ್, ಡ್ರೆಸ್ಸಿಂಗ್ ಮತ್ತಿತರ ಚಿಕಿತ್ಸೆ, ರೋಗಿಗೆ ತಿಳಿಹೇಳುವುದು, ವೈದ್ಯರಿಗೆ ನೆರವು, ಟೋಕನ್ ಕೂಗುವುದು ಮತ್ತು ಜನರನ್ನು ಸಾಲಿನಲ್ಲಿ ನಿಲ್ಲಿಸುವುದು, ಫೈಲು, ವರದಿ ಹುಡುಕುವುದು, ಫೋನು, ದಾಸ್ತಾನು ಮತ್ತು ಕೊಠಡಿ ಸಿದ್ಧತೆ. ಹಾಳೆಯ ಮೇಲೆ ಹೆಸರು ಇರಬಾರದು. ಇದು ಯಾರು ಎಷ್ಟು ದುಡಿಯುತ್ತಾರೆ ಎಂಬ ತನಿಖೆಯಲ್ಲ ಎಂಬುದನ್ನು ಮೊದಲೇ ಹೇಳಿ, ಹೇಳಿದಂತೆಯೇ ನಡೆದುಕೊಳ್ಳಿ. ಒಮ್ಮೆ ಆ ಹಾಳೆ ಯಾರೊಬ್ಬರ ವಿರುದ್ಧ ಬಳಕೆಯಾದರೆ ಮುಂದಿನ ಸಲ ನಿಮಗೆ ಸಿಗುವುದು ಬರೀ ಅಲಂಕಾರದ ಉತ್ತರ.

ಐದು ದಿನಗಳ ಗುರುತುಗಳನ್ನು ಕೂಡಿಸಿದಾಗ ಶುಶ್ರೂಷಾ ತರಬೇತಿ ಬೇಕಾದ ಕೆಲಸಕ್ಕೆ ಎಷ್ಟು ಪಾಲು, ಅದು ಬೇಡದ ಕೆಲಸಕ್ಕೆ ಎಷ್ಟು ಪಾಲು ಎಂಬುದು ಕಾಣುತ್ತದೆ. ಈ ಅನುಪಾತವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ. ಫೋನಿನ ಸಾಲನ್ನು ಮಾತ್ರ ಎಚ್ಚರದಿಂದ ಓದಿ. ವರದಿ ಬಂತೇ ಎಂದು ಕೇಳುವ ಕರೆಗೆ ಉತ್ತರಿಸುವುದು ಗುಮಾಸ್ತಿಕೆ. ಔಷಧ ತೆಗೆದುಕೊಂಡ ಮೇಲೆ ಮೈಮೇಲೆ ದದ್ದು ಎದ್ದಿದೆ ಎನ್ನುವವರಿಗೆ ತಕ್ಷಣ ಬನ್ನಿ ಎನ್ನುವುದೋ ನಾಳೆ ಬನ್ನಿ ಎನ್ನುವುದೋ ತೀರ್ಮಾನಿಸುವುದು ಅಪ್ಪಟ ಶುಶ್ರೂಷೆ. ಎರಡನ್ನೂ "ಫೋನು" ಎಂದು ಒಂದೇ ಸಾಲಿಗೆ ಸೇರಿಸುವ ವಿಭಾಗಗಳಲ್ಲಿ ಆ ಎರಡನೆಯ ಕೆಲಸಕ್ಕೆ ಹೊತ್ತೂ ಇರುವುದಿಲ್ಲ, ಲೆಕ್ಕವೂ ಇರುವುದಿಲ್ಲ.

ಹೊರಡುವ ಮುಂಚೆ ಕೇಳಿ

ರಾಜೀನಾಮೆ ಕೊಟ್ಟವರನ್ನು ಕೂರಿಸಿ ಕಾರಣ ಕೇಳುವ ಪದ್ಧತಿ ಬಹಳ ಕಡೆ ಇದೆ. ಅಷ್ಟು ಹೊತ್ತಿಗೆ ಅವರಿಗೆ ಬೇಕಾಗಿರುವುದು ಒಂದು ಅನುಭವ ಪತ್ರ ಮತ್ತು ಜಗಳವಿಲ್ಲದ ಬೀಳ್ಕೊಡುಗೆ, ಆದ್ದರಿಂದ "ಮನೆಯ ಕಾರಣ" ಎಂದು ಹೇಳಿ ಮುಗಿಸುತ್ತಾರೆ. 1977ರಲ್ಲಿ ವಿಲಿಯಂ ಮಾಬ್ಲಿ ವಿವರಿಸಿದಂತೆ ಅತೃಪ್ತಿಗೂ ನಿರ್ಗಮನಕ್ಕೂ ನಡುವೆ ಹಲವು ಮೆಟ್ಟಿಲುಗಳಿವೆ: ಬಿಡುವ ಯೋಚನೆ ಮೂಡುವುದು, ಬಿಟ್ಟರೆ ಏನು ಸಿಕ್ಕೀತು ಎಂದು ತೂಗುವುದು, ಬೇರೆ ಕೆಲಸ ಹುಡುಕುವುದು, ಇದನ್ನೂ ಅದನ್ನೂ ಹೋಲಿಸುವುದು, ತೀರ್ಮಾನಿಸುವುದು. ನಿಮ್ಮ ಮಾತಿಗೆ ಬೆಲೆ ಇರುವುದು ಮೊದಲ ಎರಡು ಮೆಟ್ಟಿಲುಗಳಲ್ಲಿ. ಆದ್ದರಿಂದ ಇನ್ನೂ ಇರುವವರೊಂದಿಗೆ, ವರ್ಷಕ್ಕೆ ಎರಡು ಬಾರಿಯಾದರೂ, ಅರ್ಧ ಗಂಟೆ ಕುಳಿತು ಮಾತಾಡುವ ಏರ್ಪಾಡು ಮಾಡಿ. ಮಾತಾಡಿಸುವವರು ಪಾಳಿ ಪಟ್ಟಿ ಹಾಕುವವರಾಗಿರಬಾರದು. ರಜೆ ಕೊಡುವ ಕೈಯ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

"ತೃಪ್ತಿ ಇದೆಯೇ?" ಎಂದು ನೇರವಾಗಿ ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ. ಬದಲಿಗೆ ಕಳೆದ ತಿಂಗಳು ನಿಮ್ಮಿಂದಲೇ ಒಳ್ಳೆಯದಾದ ಒಬ್ಬ ರೋಗಿಯ ಬಗ್ಗೆ ಹೇಳಿ ಎನ್ನಿ. ಯಾವ ಕೆಲಸ ಮಾಡುವಾಗ "ಇದಕ್ಕೆ ನಾನೇ ಬೇಕಿತ್ತೇ" ಎನ್ನಿಸುತ್ತದೆ ಎಂದು ಕೇಳಿ. ಹಳೆಯ ಸಹಪಾಠಿ ಸಿಕ್ಕಿ ಈಗ ಏನು ಮಾಡುತ್ತಿದ್ದೀಯ ಎಂದು ಕೇಳಿದರೆ ಏನು ಹೇಳುತ್ತೀರಿ ಎಂದು ಕೇಳಿ. ಈ ಕೊನೆಯ ಪ್ರಶ್ನೆಗೆ "ನಾನು ಗಾಯದ ಚಿಕಿತ್ಸಾಲಯ ನೋಡಿಕೊಳ್ಳುತ್ತೇನೆ" ಎನ್ನುವವರಿಗೂ "ಸುಮ್ಮನೆ ಒಪಿಡಿಯಲ್ಲಿದ್ದೇನೆ" ಎನ್ನುವವರಿಗೂ ಇರುವ ಅಂತರವೇ ವೃತ್ತಿ ಗುರುತಿನ ಅಂತರ.

ಸಿದ್ಧ ಪ್ರಶ್ನಾವಳಿಗಳೂ ಇವೆ. ಬಳಲಿಕೆಯನ್ನು ಅಳೆಯಲು 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಪ್ರಕಟಿಸಿದ 22 ಪ್ರಶ್ನೆಗಳ ಮಾಪನ ಮೂರು ವಿಷಯಗಳನ್ನು ಬೇರೆಬೇರೆಯಾಗಿ ನೋಡುತ್ತದೆ: ಭಾವನಾತ್ಮಕ ದಣಿವು, ಎದುರಿಗಿರುವ ವ್ಯಕ್ತಿಯನ್ನು ವಸ್ತುವಿನಂತೆ ಕಾಣತೊಡಗುವುದು, ಸಾಧನೆಯ ಭಾವ ಕುಂದುವುದು. ಕೆಲಸದ ವಾತಾವರಣವನ್ನು ಅಳೆಯಲು ಐಲೀನ್ ಲೇಕ್ 2002ರಲ್ಲಿ ರೂಪಿಸಿದ 31 ಪ್ರಶ್ನೆಗಳ ಮಾಪನವಿದೆ. ಇವನ್ನು ಬಳಸಬಹುದು, ಆದರೆ ಎರಡು ಎಚ್ಚರಗಳೊಂದಿಗೆ. ಒಂದು, ಲೇಕ್ ಅವರ ಮಾಪನ ಒಳರೋಗಿ ವಾರ್ಡುಗಳನ್ನು ಮನಸ್ಸಿನಲ್ಲಿಟ್ಟು ಬೆಳೆದದ್ದು. ನಿಮ್ಮ ವಿಭಾಗಕ್ಕೆ ಹೊಂದದ ಪ್ರಶ್ನೆಗಳು ಅದರಲ್ಲಿರುವುದು ಸಹಜ. ಇನ್ನೊಂದು, ಹತ್ತು ಜನರಿರುವ ವಿಭಾಗದಲ್ಲಿ ವಯಸ್ಸು, ಸೇವಾವಧಿ, ವಿದ್ಯಾರ್ಹತೆ ಮೂರನ್ನೂ ಕೇಳಿದರೆ ಹೆಸರು ಬರೆಯದಿದ್ದರೂ ಯಾರು ಬರೆದದ್ದೆಂದು ಗೊತ್ತಾಗಿಬಿಡುತ್ತದೆ. ಆ ಕಾಲಂಗಳನ್ನು ತೆಗೆದುಹಾಕಿ.

ಕಿರಿಕಿರಿಗಳನ್ನು ಬೇಗ ನಿವಾರಿಸಿ, ಅದರಿಂದಲೇ ತೃಪ್ತಿ ಬಂದೀತೆಂದು ಮಾತ್ರ ನಂಬಬೇಡಿ

ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು 200 ಎಂಜಿನಿಯರುಗಳು ಹಾಗೂ ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಮುಂದಿಟ್ಟ ವಾದ ಇಂದಿಗೂ ಚರ್ಚೆಯಲ್ಲಿದೆ: ಜನರನ್ನು ಬೇಸರಗೊಳಿಸುವ ಸಂಗತಿಗಳು ಒಂದು ಬಗೆ, ತೃಪ್ತಿ ಕೊಡುವ ಸಂಗತಿಗಳು ಇನ್ನೊಂದು ಬಗೆ, ಮೊದಲನೆಯದನ್ನು ತೆಗೆದುಹಾಕಿದ ಮಾತ್ರಕ್ಕೆ ಎರಡನೆಯದು ಹುಟ್ಟುವುದಿಲ್ಲ. ಸಂಶೋಧಕರು ಈ ವಿಂಗಡಣೆಯನ್ನು ಸಾಕಷ್ಟು ಟೀಕಿಸಿದ್ದಾರೆ, ಆದರೂ ಉಸ್ತುವಾರಿಯ ಮೇಜಿನ ಮೇಲೆ ಅದು ಉಪಯುಕ್ತ ಅಳತೆಗೋಲು. ಕುಳಿತುಕೊಳ್ಳಲು ಜಾಗ, ತಪ್ಪದೆ ಸಿಗುವ ವಿರಾಮ, ಕೆಲಸ ಮುಗಿಯುವ ನಿಜವಾದ ಹೊತ್ತು, ಇವೆಲ್ಲ ಮೊದಲ ಬಗೆಯವು. ಇವನ್ನು ಸರಿಪಡಿಸಿ ಧನ್ಯವಾದ ನಿರೀಕ್ಷಿಸಬೇಡಿ. ಸರಿಪಡಿಸದಿದ್ದರೆ ಮಾತ್ರ ಮುಂದಿನ ಯಾವ ಮಾತನ್ನೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇವುಗಳಲ್ಲಿ ಹೊರರೋಗಿ ವಿಭಾಗಕ್ಕೇ ವಿಶಿಷ್ಟವಾದವು ಎರಡು. ಒಂದು, ಕೆಲಸದ ಹೊರೆ. 2002ರಲ್ಲಿ ಲಿಂಡಾ ಏಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಒಬ್ಬ ಶುಶ್ರೂಷಕರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ ಬಳಲಿಕೆಯ ಸಂಭವಾನುಪಾತ (ಆಗುವ ಸಾಧ್ಯತೆಗೂ ಆಗದಿರುವ ಸಾಧ್ಯತೆಗೂ ಇರುವ ಅನುಪಾತ) ಶೇ 23ರಷ್ಟೂ ವೃತ್ತಿ ಅತೃಪ್ತಿಯದು ಶೇ 15ರಷ್ಟೂ ಏರುವುದು ಕಂಡುಬಂತು. ಆ ಎಣಿಕೆ ನಡೆದದ್ದು ಒಳರೋಗಿಗಳ ನಡುವೆ, ಹಾಗಾಗಿ ಅಂಕಿಯನ್ನು ನೇರವಾಗಿ ಇಲ್ಲಿಗೆ ತರುವಂತಿಲ್ಲ. ಇಲ್ಲಿ ಹೊರೆಯೆಂದರೆ ದಿನದ ಒಟ್ಟು ರೋಗಿಗಳ ಸಂಖ್ಯೆಗಿಂತ ಹೆಚ್ಚಾಗಿ, ಜನ ಒಮ್ಮೆಲೇ ನುಗ್ಗುವ ಆ ಒಂದೆರಡು ಗಂಟೆಗಳು. ದಿನದ ಸರಾಸರಿ ನೋಡಿ ಸಿಬ್ಬಂದಿ ಹಂಚಿದರೆ ಬೆಳಗ್ಗೆ ಉಸಿರುಗಟ್ಟುತ್ತದೆ, ಮಧ್ಯಾಹ್ನ ಕೈ ಖಾಲಿ. ಗಂಟೆಗಂಟೆಯ ಆಗಮನವನ್ನು ಎರಡು ವಾರ ಎಣಿಸಿ, ಅದಕ್ಕೆ ತಕ್ಕಂತೆ ಕೆಲವರ ಕೆಲಸದ ಆರಂಭವನ್ನು ಹಿಂದೆಮುಂದೆ ಮಾಡಿ. ವಿಭಾಗ ಮುಚ್ಚುವ ಹೊತ್ತು ಫಲಕದಲ್ಲಿ ಒಂದು, ಕೊನೆಯ ರೋಗಿ ಹೊರಡುವ ಹೊತ್ತು ಇನ್ನೊಂದು ಆಗಿದ್ದರೆ ಎರಡನೆಯದನ್ನೇ ಪಾಳಿ ಪಟ್ಟಿಯಲ್ಲಿ ಬರೆಯಿರಿ.

ಎರಡನೆಯದು, ಕಾದವರ ಕೋಪ. ವೈದ್ಯರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ತಡವಾದರೆ, ಯಂತ್ರ ಕೆಟ್ಟರೆ, ವರದಿ ಬಾರದಿದ್ದರೆ ಬೈಗುಳ ಬೀಳುವುದು ಬಾಗಿಲ ಬಳಿ ನಿಂತವರ ಮೇಲೆ. ಒಳಗೆ ಕುದಿಯುತ್ತಿದ್ದರೂ ಮುಖದಲ್ಲಿ ಶಾಂತಿ ಕಾಯ್ದುಕೊಳ್ಳುವ ಈ ದುಡಿಮೆಗೆ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿಯೇ ಭಾವಶ್ರಮವೆಂಬ ಅರ್ಥದ ಹೆಸರು ಕೊಟ್ಟಿದ್ದಾರೆ. ಶುಶ್ರೂಷಕರಿಗೆ ತಾಳ್ಮೆಯ ತರಬೇತಿ ಕೊಡುವ ಮೊದಲು ತಡವಾಗುವ ವಿಷಯವನ್ನು ಜನರಿಗೆ ತಿಳಿಸುವ ವ್ಯವಸ್ಥೆ ಮಾಡಿ. ಎಷ್ಟು ಹೊತ್ತು, ಏಕೆ ಎಂಬುದನ್ನು ನೋಂದಣಿ ವಿಭಾಗದವರು ಅರ್ಧ ಗಂಟೆಗೊಮ್ಮೆ ಹೇಳಲಿ, ಬಾಗಿಲ ಬಳಿಯ ಶುಶ್ರೂಷಕರಲ್ಲ. ದನಿ ಏರಿದಾಗ ಯಾರನ್ನು ಕರೆಯಬೇಕು, ಅವರು ಎಷ್ಟು ನಿಮಿಷದೊಳಗೆ ಬರಬೇಕು ಎಂಬುದು ಬರಹದಲ್ಲಿರಲಿ. ಘಟನೆ ನಡೆದ ದಿನವೇ, ತಪ್ಪು ಯಾರದೆಂದು ಕೇಳುವ ಮೊದಲು, ಆ ಶುಶ್ರೂಷಕರನ್ನು ಹದಿನೈದು ನಿಮಿಷ ಜಾಗದಿಂದ ಬಿಡುಗಡೆ ಮಾಡಿ. ಬೈಸಿಕೊಂಡವರು ಅಲ್ಲೇ ನಿಂತು ಮುಂದಿನ ಟೋಕನ್ ಕೂಗಬೇಕಾಗಿ ಬರುವುದು ಬೈಗುಳಕ್ಕಿಂತ ಹೆಚ್ಚು ಕುಗ್ಗಿಸುತ್ತದೆ.

ವೃತ್ತಿ ಗುರುತನ್ನು ಕೈಗೆ ಮರಳಿ ಕೊಡುವುದು

ಇಲ್ಲಿಯವರೆಗಿನದು ನೆಲ ಹದ ಮಾಡುವ ಕೆಲಸ. ಮುಖ್ಯವಾದದ್ದು ಇನ್ನು ಮುಂದೆ.

ಪ್ರತಿ ಶುಶ್ರೂಷಕರಿಗೂ ಹೆಸರಿರುವ ಒಂದು ಕ್ಷೇತ್ರ ಕೊಡಿ. ಮಧುಮೇಹಿಗಳ ಪಾದದ ಆರೈಕೆ, ವಾಸಿಯಾಗದ ಗಾಯಗಳು, ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿಸುವುದು, ಇನ್‌ಹೇಲರ್ ಬಳಕೆ, ರಕ್ತ ತೆಳುವಾಗಿಸುವ ಔಷಧ ಸೇವಿಸುವವರ ನಿಗಾ, ಗರ್ಭಿಣಿಯರೊಂದಿಗೆ ಮಾತುಕತೆ, ಹೀಗೆ. ಒಬ್ಬರು ಒಂದು ಕ್ಷೇತ್ರದಲ್ಲಿ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಇರಲಿ. ವಾರವಾರ ಕೊಠಡಿ ಬದಲಿಸುವ ಪದ್ಧತಿ ರಜೆ ಹೊಂದಿಸಲು ಅನುಕೂಲವಿರಬಹುದು, ಆದರೆ ಅದು ಎಲ್ಲರನ್ನೂ ಎಲ್ಲಿಯೂ ಸಲ್ಲುವ ಬದಲಿ ಕೈಗಳನ್ನಾಗಿ ಮಾಡುತ್ತದೆ. ರಜೆಯ ಚಿಂತೆಗೆ ಪ್ರತಿ ಕ್ಷೇತ್ರಕ್ಕೂ ಒಬ್ಬ ಜೊತೆಗಾರರನ್ನು ತಯಾರು ಮಾಡಿದರಾಯಿತು. ಕ್ಷೇತ್ರದ ಜೊತೆಗೆ ಒಂದು ದಾಖಲೆ ಪುಸ್ತಕವಿರಲಿ. ಅದರಲ್ಲಿ ಅವರೇ ಬರೆದು ಸಹಿ ಮಾಡಲಿ, ಅದೇ ರೋಗಿ ಮತ್ತೆ ಬಂದಾಗ ಅವರ ಬಳಿಗೇ ಹೋಗಲಿ. ಮೂರು ತಿಂಗಳ ಹಿಂದೆ ಅಂಗೈಯಗಲವಿದ್ದ ಹುಣ್ಣು ಈಗ ಉಗುರಿನಷ್ಟಾಗಿದೆ ಎಂಬುದು ತನ್ನದೇ ಕೈಬರಹದಲ್ಲಿ ಕಂಡಾಗ ಆಗುವ ಸಮಾಧಾನಕ್ಕೆ ಯಾವ ಪ್ರಶಸ್ತಿ ಪತ್ರವೂ ಸಮನಲ್ಲ. ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ, ವಾರ್ಡಿಗೆ ದಾಖಲಾದವರು, ದೊಡ್ಡ ಆಸ್ಪತ್ರೆಗೆ ಕಳುಹಿಸಲ್ಪಟ್ಟವರು ಏನಾದರು ಎಂಬ ಸುದ್ದಿಯನ್ನು ಮೊದಲು ಅವರನ್ನು ಗುರುತಿಸಿದ ಶುಶ್ರೂಷಕರಿಗೆ ತಲುಪಿಸಿ. ಖರ್ಚಿಲ್ಲದ ಈ ಕೆಲಸವನ್ನು ಮಾಡುವವರು ತೀರ ಕಡಿಮೆ.

ಸಾಲನ್ನು ಮುರಿಯುವ ಅಧಿಕಾರವನ್ನು ಅವರಿಗೆ ಬರಹದಲ್ಲಿ ಕೊಡಿ. ಎದೆನೋವು, ಏದುಸಿರು, ಒಂದು ಪಕ್ಕದ ಬಲಹೀನತೆ, ಪ್ರಜ್ಞೆ ತಪ್ಪುವುದು, ಬಳಲಿ ಜೋತುಬಿದ್ದ ಮಗು — ಇಂಥ ಲಕ್ಷಣಗಳ ಪಟ್ಟಿಯನ್ನು ವೈದ್ಯರೊಂದಿಗೆ ಕುಳಿತು ಮಾಡಿ, ಅದರಲ್ಲಿರುವುದು ಕಂಡರೆ ಯಾರ ಅನುಮತಿಯನ್ನೂ ಕೇಳದೆ ರೋಗಿಯನ್ನು ಮುಂದೆ ಕಳುಹಿಸಬಹುದು ಎಂದು ಎಲ್ಲರ ಸಹಿ ಹಾಕಿಸಿ. ಪಟ್ಟಿಯಲ್ಲಿಲ್ಲದಿದ್ದರೂ "ಇವರನ್ನು ನೋಡಿದರೆ ಏಕೋ ಸರಿ ಕಾಣುತ್ತಿಲ್ಲ" ಎಂಬ ಅನುಭವಿಯ ಅನುಮಾನಕ್ಕೂ ಅದರಲ್ಲಿ ಒಂದು ಸಾಲು ಇರಲಿ. ಆಮೇಲೆ ಒಂದೆರಡು ಸಲ ಅನುಮಾನ ಸುಳ್ಳಾದೀತು. ಆಗ ವೈದ್ಯರು ಜನರೆದುರು ಗದರಿದರೆ ಆ ಬರಹ ಅಂದೇ ಸತ್ತಂತೆ.

ವೈದ್ಯರ ಪಾಲಿನದು ಸಣ್ಣದು, ಪರಿಣಾಮ ದೊಡ್ಡದು: "ಹೊರಗೆ ಸಿಸ್ಟರ್ ಹತ್ತಿರ ಕೇಳಿ" ಎನ್ನುವ ಬದಲು ಹೆಸರು ಹೇಳಿ, ಅವರು ಏನು ಮಾಡುತ್ತಾರೆಂದು ಹೇಳಿ ಕಳುಹಿಸುವುದು. ರೋಗಿ ಅವರ ಮಾತನ್ನು ಕೇಳಿಸಿಕೊಳ್ಳುವ ರೀತಿಯೇ ಇದರಿಂದ ಬದಲಾಗುತ್ತದೆ.

ಇದರ ಜೊತೆಗೆ, ಹಾಳೆಯಲ್ಲಿ ಕಂಡ, ಶುಶ್ರೂಷಾ ತರಬೇತಿ ಬೇಡದ ಕೆಲಸಗಳನ್ನು ಬೇರೆ ಕೈಗಳಿಗೆ ದಾಟಿಸಲೇಬೇಕು. ಹೊಸ ಹೊಣೆ ಕೊಟ್ಟು ಹಳೆಯ ಟೋಕನ್ ಕೂಗಾಟವನ್ನೂ ಉಳಿಸಿದರೆ ಅದು ಗುರುತಲ್ಲ, ಹೆಚ್ಚುವರಿ ಹೊರೆ. ಇಲ್ಲೊಂದು ಮಾತು ಹೇಳಬೇಕು. ವೃತ್ತಿಯ ಬಗ್ಗೆ ಗಟ್ಟಿಯಾದ ಅಭಿಮಾನ ಬೆಳೆಸಿದರೆ ಜನ ಉಳಿಯುತ್ತಾರೆ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕೆಲಸ ಆ ಅಭಿಮಾನಕ್ಕೆ ತಕ್ಕಂತಿದ್ದರೆ ಅದು ನಿಜ. ಇಲ್ಲದಿದ್ದರೆ ಹೆಚ್ಚು ಅಭಿಮಾನವಿರುವವರೇ ಮೊದಲು ಹೊರಡುತ್ತಾರೆ, ಏಕೆಂದರೆ ತಾನು ಯಾರು ಎಂಬುದಕ್ಕೂ ತಾನು ಮಾಡುತ್ತಿರುವುದಕ್ಕೂ ಇರುವ ಬಿರುಕು ಅವರಿಗೇ ಹೆಚ್ಚು ಕಾಣುತ್ತದೆ. ಶುಶ್ರೂಷಕರ ದಿನವಾದ ಮೇ 12ರಂದು ಹೂಗುಚ್ಛ ಕೊಟ್ಟು ಕರುಣಾಮಯಿಗಳೆಂದು ಹೊಗಳಿ, 13ರಂದು ಫೈಲು ಹುಡುಕಲು ಓಡಿಸುವ ವಿಭಾಗ ಆ ಬಿರುಕನ್ನು ತಾನೇ ಅಗಲ ಮಾಡುತ್ತಿರುತ್ತದೆ.

ಹೊಸಬರು, ಮತ್ತು ಹೊಸಬರಂತಾಗುವ ಅನುಭವಿಗಳು

ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಶುಶ್ರೂಷಕರ ಪರಿಣತಿಯನ್ನು ಐದು ಹಂತಗಳಲ್ಲಿ ವಿವರಿಸಿದಾಗ, ಒಂದು ಕ್ಷೇತ್ರದ ಪರಿಣತರು ಪರಿಚಯವಿಲ್ಲದ ಇನ್ನೊಂದಕ್ಕೆ ಹೋದರೆ ಮತ್ತೆ ಆರಂಭಿಕರೇ ಆಗುತ್ತಾರೆ ಎಂಬುದನ್ನು ಗಮನಿಸಿದ್ದರು. ಹೊರರೋಗಿ ವಿಭಾಗದಲ್ಲಿ ಇದನ್ನು ಮರೆತವರೇ ಹೆಚ್ಚು. ಹದಿನೈದು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದವರಿಗೆ ಇಲ್ಲಿ ಕಲಿಯುವುದೇನಿದೆ ಎಂದು ಮೊದಲ ದಿನವೇ ಬಾಗಿಲಿಗೆ ನಿಲ್ಲಿಸುತ್ತಾರೆ. ಮೂರು ನಿಮಿಷದಲ್ಲಿ ಅಪರಿಚಿತರ ವಿಶ್ವಾಸ ಗಳಿಸುವುದು, ಮನೆಗೆ ಹೋದ ಮೇಲೆ ತಾವೇ ಮಾಡಿಕೊಳ್ಳುವಂತೆ ಕಲಿಸುವುದು, ನಿಂತಿರುವ ಐವತ್ತು ಜನರಲ್ಲಿ ಕುಸಿಯಲಿರುವ ಒಬ್ಬರನ್ನು ಕಂಡುಹಿಡಿಯುವುದು — ಇವು ಬೇರೆಯೇ ಕಸುಬು. ಬಂದವರು ಎಷ್ಟೇ ಅನುಭವಿಗಳಾದರೂ ಮೊದಲ ಎರಡು ವಾರ ಪಾಳಿಯ ಸಿಬ್ಬಂದಿ ಎಣಿಕೆಗೆ ಹಿಡಿಯದೆ ಒಬ್ಬ ಹಳಬರ ಜೊತೆ ಬಿಡಿ. ಮೂವತ್ತನೆಯ, ಅರವತ್ತನೆಯ, ತೊಂಬತ್ತನೆಯ ದಿನ ಕೂರಿಸಿ ಮಾತಾಡಿಸಿ.

ಆರೋಗ್ಯದ ತೊಂದರೆ, ಗರ್ಭ, ವಯಸ್ಸು ಇವುಗಳಿಂದ ಹಗಲು ಕೆಲಸ ಬೇಕಾದವರನ್ನು ಇಲ್ಲಿಗೆ ಕಳುಹಿಸುವುದು ನ್ಯಾಯವೇ. ಆದರೆ ಅವರಿಗೂ ಒಂದು ಕ್ಷೇತ್ರ ಕೊಡಿ. ವಿಭಾಗವೇ "ಹಗುರ ಕೆಲಸದ ಜಾಗ" ಎಂದು ಹೆಸರಾದರೆ ಅಲ್ಲಿ ಆಸೆಪಟ್ಟು ಬಂದವರೂ ತಮ್ಮನ್ನು ಹಾಗೆಯೇ ಎಣಿಸಿಕೊಳ್ಳತೊಡಗುತ್ತಾರೆ.

ನಿಮ್ಮ ಕೈಯಲ್ಲಿಲ್ಲದ್ದು

ಸಂಬಳ, ಬಡ್ತಿ, ಗುತ್ತಿಗೆಯನ್ನು ಕಾಯಂ ಮಾಡುವುದು ವಿಭಾಗದ ಉಸ್ತುವಾರಿಯ ಕೈಯಲ್ಲಿರುವುದು ಅಪರೂಪ. ಸುಳ್ಳು ಭರವಸೆ ಕೊಡಬೇಡಿ. ಮೇಲಿನವರಿಗೆ ಬರೆದ ಪತ್ರದ ಪ್ರತಿಯನ್ನು ತಂಡಕ್ಕೆ ತೋರಿಸಿ. ಆ ಪತ್ರದಲ್ಲಿ ಒಬ್ಬರು ಹೋದರೆ ಆಗುವ ವೆಚ್ಚವನ್ನು ಲೆಕ್ಕ ಹಾಕಿ ಬರೆಯಿರಿ: ಹುದ್ದೆ ಖಾಲಿ ಇರುವ ದಿನಗಳು, ಹೆಚ್ಚುವರಿ ದುಡಿಮೆಯ ಹಣ, ಹೊಸಬರು ಪೂರ್ತಿ ಕೆಲಸಕ್ಕೆ ಬರುವವರೆಗಿನ ವಾರಗಳು, ಕಲಿಸುವ ಹಳಬರ ಹೊತ್ತು.

2001ರಲ್ಲಿ ಟೆರೆನ್ಸ್ ಮಿಚೆಲ್ ಮತ್ತು ಸಂಗಡಿಗರು ಜನ ಕೆಲಸದಲ್ಲಿ ಏಕೆ ಉಳಿಯುತ್ತಾರೆ ಎಂಬುದಕ್ಕೆ ಮೂರು ಎಳೆಗಳನ್ನು ಹೇಳಿದರು: ಸುತ್ತಲಿನವರೊಂದಿಗಿನ ನಂಟು, ಕೆಲಸದೊಂದಿಗಿನ ಹೊಂದಿಕೆ, ಬಿಟ್ಟರೆ ಕಳೆದುಕೊಳ್ಳುವುದು. ಹಗಲು ಪಾಳಿ ಈ ಮೂರನೆಯ ಎಳೆ. ಅದೊಂದನ್ನೇ ನಂಬಿ ಕುಳಿತ ವಿಭಾಗದಿಂದ, ಅದೇ ವೇಳೆಯ ಇನ್ನೊಂದು ಚಿಕಿತ್ಸಾಲಯ ಹತ್ತಿರದಲ್ಲಿ ತೆರೆದ ತಿಂಗಳೇ ಜನ ಹೊರಡುತ್ತಾರೆ.

ಆರು ತಿಂಗಳ ನಂತರ

ಅದೇ ಹಾಳೆಯನ್ನು ಮತ್ತೆ ಐದು ದಿನ ಹಂಚಿ ಹಿಂದಿನ ಅನುಪಾತದ ಪಕ್ಕದಲ್ಲಿಟ್ಟು ನೋಡಿ. ಶುಶ್ರೂಷೆಯ ಪಾಲು ಏರದಿದ್ದರೆ ಕ್ಷೇತ್ರ ಹಂಚಿಕೆ ಕಾಗದದ ಮೇಲಷ್ಟೇ ಆಗಿದೆ. ಯಾವ ಸಾಲು ಕರಗಲಿಲ್ಲವೋ ಆ ಸಾಲಿನ ಕೆಲಸಕ್ಕೆ ಯಾರನ್ನು ನೇಮಿಸಬೇಕು ಎಂಬುದೇ ಮುಂದಿನ ಬೇಡಿಕೆ. ಪಾಲು ಏರಿಯೂ ಜನ ಹೋಗುತ್ತಿದ್ದರೆ ಹೋದವರ ಸೇವಾವಧಿಯನ್ನು ನೋಡಿ: ವರ್ಷ ತುಂಬದವರಾದರೆ ಮೊದಲ ತೊಂಬತ್ತು ದಿನಗಳನ್ನು, ಐದಾರು ವರ್ಷ ಕಳೆದವರಾದರೆ ಬಡ್ತಿಯ ದಾರಿಯನ್ನು ಪರಿಶೀಲಿಸಿ. ಒಬ್ಬರು ಹೊರಡುವುದು ಖಚಿತವಾದಾಗ ಅವರ ದಾಖಲೆ ಪುಸ್ತಕವನ್ನು ಜೊತೆಗಾರರಿಗೆ ದಾಟಿಸಲು ಕನಿಷ್ಠ ಒಂದು ವಾರ ಬಿಡಿ, ಅವರ ರೋಗಿಗಳಲ್ಲಿ ಮತ್ತೆ ಬರಲಿರುವವರಿಗೆ ಅವರ ಬಾಯಿಂದಲೇ ಹೊಸ ಹೆಸರನ್ನು ಹೇಳಿಸಿ, ಮತ್ತು ಕೆಲಸ ಬಿಟ್ಟ ಎರಡು ತಿಂಗಳ ನಂತರ ಒಮ್ಮೆ ಫೋನು ಮಾಡಿ ಹೋದದ್ದು ಏಕೆಂದು ಕೇಳಿ; ಅನುಭವ ಪತ್ರ ಕೈಸೇರಿದ ಮೇಲೆ ಬರುವ ಉತ್ತರ "ಮನೆಯ ಕಾರಣ"ಕ್ಕಿಂತ ಉದ್ದವಾಗಿರುತ್ತದೆ.